‘ಕ್ಯಾರಿ’: ಹೆದರಿಸಲಾರದ ಮರುಚಿತ್ರ

‘ಕ್ಯಾರಿ’ ಕಾದಂಬರಿಯನ್ನು ಆರಂಭಿಸಿದಾಗ ಸ್ಟೀಫನ್ ಕಿಂಗ್ ಅಮೆರಿಕದ ಮೇಯ್ನ್ ರಾಜ್ಯದಲ್ಲಿ ಹೈಸ್ಕೂಲು ಅಧ್ಯಾಪಕರು. ಬರೆದ ಮೊದಲ ಹಾಳೆಗಳನ್ನು ಅವರು ಕಸದ ಬುಟ್ಟಿಗೆಸೆದಿದ್ದರು. ಪತ್ನಿ ಟ್ಯಾಬಿತಾ ಅವನ್ನು ಹೆಕ್ಕಿ ಓದಿ, ಮುಂದುವರಿಸಲು ಒತ್ತಾಯಿಸಿದರು. 1974ರಲ್ಲಿ ಪುಸ್ತಕ ಹೊರಬಂತು.

ಶಾಲೆಯ ಸ್ನಾನಗೃಹದಲ್ಲಿ ಋತುಮತಿಯಾದ ಹುಡುಗಿಗೆ ಅದೇನೆಂದೇ ತಿಳಿಯದು. ಮತಾಂಧ ತಾಯಿ ಹೇಳಿಕೊಟ್ಟಿಲ್ಲ. ಸಹಪಾಠಿಗಳು ಗೇಲಿ ಮಾಡುತ್ತಾರೆ. ಮನಸ್ಸಿನಿಂದಲೇ ವಸ್ತುಗಳನ್ನು ಅಲುಗಿಸಬಲ್ಲ ಅವಳ ಸಿಟ್ಟು ಕೊನೆಗೆ ಊರನ್ನೇ ಸುಡುತ್ತದೆ.

1976ರಲ್ಲಿ ಬ್ರಯಾನ್ ಡಿ ಪಾಲ್ಮಾ ಇದನ್ನು ಚಿತ್ರವಾಗಿಸಿದರು. ಸಿಸ್ಸಿ ಸ್ಪೇಸೆಕ್ ಕಣ್ಣರಳಿಸಿ ನಿಶ್ಚಲವಾಗಿ ನಿಂತರೆ ಸಾಕು, ಎದೆ ನಡುಗುತ್ತದೆ. ಅವರೂ ತಾಯಿಯ ಪಾತ್ರದ ಪೈಪರ್ ಲಾರಿಯೂ ಆಸ್ಕರ್‌ಗೆ ನಾಮನಿರ್ದೇಶನಗೊಂಡರು.

2013ರಲ್ಲಿ ಕಿಂಬರ್ಲಿ ಪಿಯರ್ಸ್ ಅದನ್ನೇ ಮತ್ತೆ ತೆಗೆದರು. ತಾಯಿಯಾಗಿ ಜೂಲಿಯನ್ ಮೂರ್ ಅವರ ಅಭಿನಯ ಚೆನ್ನಾಗಿದೆ. ಗೇಲಿಯನ್ನು ಮೊಬೈಲಿನಲ್ಲಿ ಚಿತ್ರಿಸಿ ಲೋಕಕ್ಕೆಲ್ಲ ಹಂಚುವ ಹೊಸ ಕ್ರೌರ್ಯವೂ ಇದೆ. ಇಂದಿನ ಮಕ್ಕಳ ನಿಜವಾದ ಭಯ ಅದೇ. ಆದರೆ ಚಿತ್ರ ಅದನ್ನು ಮುಟ್ಟಿ ಬಿಟ್ಟು, ಹಳೆಯ ದೃಶ್ಯಗಳ ನಕಲಿಗೆ ಮರಳುತ್ತದೆ. ಕ್ಲೋಯಿ ಮೊರೆಟ್ಜ್ ಕೈಬೀಸಿದಂತೆಲ್ಲ ಕಂಪ್ಯೂಟರ್ ಚಮತ್ಕಾರ ನಡೆಯುತ್ತದೆ. ಹುಡುಗಿಯ ಒಂಟಿತನ ಮಾತ್ರ ಕಾಣುವುದಿಲ್ಲ.

ಕ್ಯಾರಿಯ ಕಥೆಯಲ್ಲಿ ಭೂತ ಬರುವುದು ನಗುವಿನ ರೂಪದಲ್ಲಿ. ಹಿಂದೊಮ್ಮೆ ನನ್ನ ತರಗತಿಯಲ್ಲಿ ಹುಡುಗಿಯೊಬ್ಬಳು ಪಾಠ ತಪ್ಪಿ ಓದಿದಾಗ ಎಲ್ಲರೂ ನಕ್ಕರು; ನಾನೂ ನಕ್ಕೆ. ಎರಡು ದಿನ ಅವಳು ಶಾಲೆಗೆ ಬರಲಿಲ್ಲ. ಸ್ಪೇಸೆಕ್‌ರ ಕಣ್ಣು ಕಂಡಾಗ ನನಗೆ ಆ ಮಗು ನೆನಪಾಯಿತು. ಮರುಚಿತ್ರ ನೋಡಿ ಎದ್ದಾಗ ಯಾರೂ ನೆನಪಾಗಲಿಲ್ಲ.