ಹಿಮ ತಳ್ಳುವ ಲಾರಿಯ ಮುಂದಿನ ಗಾಲಿಗಳು

ಅಮೆರಿಕದ ನ್ಯೂಯಾರ್ಕ್ ಸಂಸ್ಥಾನದ ಪಶ್ಚಿಮದ ಅಂಚಿನಲ್ಲಿ, ಎರೀ ಸರೋವರದ ದಂಡೆಯ ಮೇಲೆ ಬಫಲೋ ಎಂಬ ನಗರವಿದೆ. ಚಳಿಗಾಲ ಕಾಲಿಡುವ ಹೊತ್ತಿಗೆ ಸರೋವರದ ನೀರು ಇನ್ನೂ ಅಷ್ಟಿಷ್ಟು ಬೆಚ್ಚಗಿರುತ್ತದೆ. ಅದರ ಮೇಲೆ ಹಾದುಬರುವ ಶೀತಗಾಳಿ ದಾರಿಯುದ್ದಕ್ಕೂ ನೀರಾವಿಯನ್ನು ಹೀರಿಕೊಂಡು, ದಡ ಮುಟ್ಟಿದೊಡನೆ ಅದನ್ನೆಲ್ಲ ಹಿಮವಾಗಿ ಸುರಿದುಬಿಡುತ್ತದೆ. 2022ರ ಡಿಸೆಂಬರ್ ತಿಂಗಳ ಕೊನೆಯ ವಾರದಲ್ಲಿ ಅಲ್ಲಿ ಬೀಸಿದ ಹಿಮಬಿರುಗಾಳಿಯಲ್ಲಿ ಎರೀ ಕೌಂಟಿಯೊಂದರಲ್ಲಿಯೇ 40ಕ್ಕೂ ಹೆಚ್ಚು ಮಂದಿ ಪ್ರಾಣ ಕಳೆದುಕೊಂಡರು. ಆಂಬುಲೆನ್ಸುಗಳೂ ಅಗ್ನಿಶಾಮಕ ಲಾರಿಗಳೂ ಹಿಮದಲ್ಲಿ ಹೂತುಹೋದವು. ಅವಕ್ಕೆ ದಾರಿ ಬಿಡಿಸಬೇಕಾಗಿದ್ದ ಹಿಮ ತಳ್ಳುವ ವಾಹನಗಳೂ ಅಲ್ಲಲ್ಲಿ ಸಿಕ್ಕಿಕೊಂಡವು. ಅಂತಹ ಊರಿನಲ್ಲಿ ಹಿಮವನ್ನು ಪಕ್ಕಕ್ಕೆ ಸರಿಸುವ ವಾಹನ ಚಲಿಸುವುದೋ ಇಲ್ಲವೋ ಎಂಬುದು ಜೀವನ್ಮರಣದ ಪ್ರಶ್ನೆಯಾಗುವುದುಂಟು.

ಹೆದ್ದಾರಿಗಳನ್ನು ಸರಕಾರದ ಭಾರಿ ಲಾರಿಗಳು ಶುದ್ಧಿಮಾಡುತ್ತವೆ. ಆದರೆ ಆಸ್ಪತ್ರೆಯ ಅಂಗಳ, ಅಂಗಡಿಯ ಮುಂದಿನ ಬಯಲು, ಮನೆಯ ಬಾಗಿಲಿನಿಂದ ರಸ್ತೆಯವರೆಗಿನ ದಾರಿ ಇವನ್ನೆಲ್ಲ ತೆರವು ಮಾಡುವವರು ಬಹುಮಟ್ಟಿಗೆ ಸಣ್ಣ ಗುತ್ತಿಗೆದಾರರು. ಇವರ ಸಾಧನ ಪಿಕಪ್ ಎಂಬ ಚಿಕ್ಕ ಲಾರಿ. ಅದರ ಮೂತಿಗೆ ಉಕ್ಕಿನ ಅಗಲವಾದ ಹಲಗೆಯೊಂದನ್ನು ಕಟ್ಟಿರುತ್ತಾರೆ. ಅಲ್ಲಿಯವರು ಅದನ್ನು ನೇಗಿಲೆಂದು ಕರೆಯುತ್ತಾರಾದರೂ ಅದು ಉಳುವುದಿಲ್ಲ; ನಮ್ಮಲ್ಲಿ ಗದ್ದೆಯ ಕೆಸರನ್ನು ಮಟ್ಟ ಮಾಡುವ ಹಲಗೆಗೇ ಅದನ್ನು ಹೋಲಿಸುವುದು ಸರಿ.

ಈ ಕೆಲಸಕ್ಕೆ ನಾಲ್ಕೂ ಗಾಲಿಗಳು ಏಕೆ ಬೇಕು? ಲೆಕ್ಕ ಹಾಕಿ ನೋಡೋಣ. ಲಾರಿಯ ತೂಕ 3,000 ಕಿಲೋಗ್ರಾಂ ಎಂದಿಟ್ಟುಕೊಳ್ಳಿ. ಎಂಜಿನ್ ಮುಂದಿರುವುದರಿಂದ ಅದರಲ್ಲಿ 1,750 ಕಿಲೋಗ್ರಾಂ ಮುಂದಿನ ಗಾಲಿಗಳ ಮೇಲೂ, 1,250 ಕಿಲೋಗ್ರಾಂ ಹಿಂದಿನವುಗಳ ಮೇಲೂ ಬೀಳುತ್ತದೆ. ತುಳಿದು ಗಟ್ಟಿಯಾದ ಹಿಮದ ಮೇಲೆ ರಬ್ಬರಿನ ಘರ್ಷಣಾಂಕ ಸುಮಾರು 0.2. ಹಿಂದಿನ ಎರಡು ಗಾಲಿಗಳು ಮಾತ್ರ ತಿರುಗಿದರೆ ದೊರೆಯುವ ನೂಕುಬಲ 250 ಕಿಲೋಗ್ರಾಂ ಭಾರಕ್ಕೆ ಸಮ. ನಾಲ್ಕೂ ತಿರುಗಿದರೆ 600. ಈಗ 350 ಕಿಲೋಗ್ರಾಂ ತೂಕದ ಹಲಗೆಯನ್ನು ನೆಲದಿಂದ ಮೇಲಕ್ಕೆತ್ತಿ, ಲಾರಿಯನ್ನು ಹಿಂದಕ್ಕೆ ತರಬೇಕೆನ್ನಿ. ಹಲಗೆಯ ಭಾರವು ಮುಂದಿನ ಇರುಸಿಗಿಂತ 1.2 ಮೀಟರ್ ಮುಂದೆ ತೂಗುತ್ತಿದೆ, ಎರಡು ಇರುಸುಗಳ ನಡುವಣ ಅಂತರ 3.6 ಮೀಟರ್. ತಕ್ಕಡಿಯ ನಿಯಮದಂತೆ ಹಿಂದಿನ ಗಾಲಿಗಳ ಮೇಲಿನ ಭಾರ ಇನ್ನೂ 117 ಕಿಲೋಗ್ರಾಂನಷ್ಟು ಇಳಿಯುತ್ತದೆ. ಕೆಲಸ ಬಲ್ಲವರು ಲಾರಿಯ ಹಿಂಭಾಗದಲ್ಲಿ ಮರಳಿನ ಚೀಲಗಳನ್ನು ಹೇರುವುದು ಇದಕ್ಕಾಗಿಯೇ. ಚೀಲ ಹೇರಿದರೂ ಭಾರದ ದೊಡ್ಡ ಪಾಲು ಇರುವುದು ಮುಂದೆಯೇ. ಆ ಗಾಲಿಗಳಿಗೆ ಎಂಜಿನ್ನಿನ ಶಕ್ತಿ ತಲುಪದಿದ್ದರೆ ಅವು ಬರಿಯ ಹೊರೆ.

ನಾಲ್ಕು ಗಾಲಿಗಳಿಗೂ ಶಕ್ತಿ ಹರಿಸುವ ಯೋಚನೆ ಹೊಸದಲ್ಲ. ವಿಸ್ಕಾನ್ಸಿನ್ ಸಂಸ್ಥಾನದ ಕ್ಲಿಂಟನ್‌ವಿಲ್ ಎಂಬಲ್ಲಿ ಆಟೋ ಜಾಕೊ, ವಿಲಿಯಂ ಬೆಸರ್ಡಿಕ್ ಎಂಬ ಇಬ್ಬರು ಕುಶಲಿಗಳು ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿಯೇ ಇದನ್ನು ಸಾಧಿಸಿದ್ದರು. ಎರಡನೆಯ ಮಹಾಯುದ್ಧದ ಜೀಪು ಅದನ್ನು ಜಗತ್ತಿಗೆಲ್ಲ ಪರಿಚಯಿಸಿತು. ಜೀಪಿನಲ್ಲಿ ಗೇರಿನ ಸನ್ನೆಯ ಪಕ್ಕದಲ್ಲಿ ಬೇರೆ ಸನ್ನೆಗಳಿದ್ದುದನ್ನು ಹಳಬರು ನೆನೆಯಬಲ್ಲರು. ಅವುಗಳಲ್ಲೊಂದನ್ನು ದೂಡಿದರೆ ಮುಂದಿನ ಗಾಲಿಗಳೂ ನೊಗಕ್ಕೆ ಬರುತ್ತಿದ್ದವು.

ಗಾಲಿಗಳನ್ನು ಸದಾಕಾಲ ಹೂಡಿಯೇ ಇರಬಾರದೇ ಎಂದು ವಾಚಕರು ಕೇಳಬಹುದು. ತಿರುವಿನಲ್ಲಿ ಮುಂದಿನ ಗಾಲಿಗಳು ಹಿಂದಿನವಕ್ಕಿಂತ ದೊಡ್ಡ ವೃತ್ತದಲ್ಲಿ ಸಾಗುತ್ತವೆ. ಆದಕಾರಣ ಅವು ಹೆಚ್ಚು ಸುತ್ತು ತಿರುಗಲೇಬೇಕು. ಈ ಲಾರಿಗಳಲ್ಲಿ ಹೂಡಿದ ಮೇಲೆ ಮುಂದಿನ ಮತ್ತು ಹಿಂದಿನ ದಂಡಗಳು ಒಂದೇ ವೇಗದಲ್ಲಿ ತಿರುಗುವಂತೆ ಬಿಗಿಯಲ್ಪಡುತ್ತವೆ. ಹಿಮದ ಮೇಲೆ ಗಾಲಿ ತುಸು ಜಾರಿ ಈ ವ್ಯತ್ಯಾಸವನ್ನು ನುಂಗಿಕೊಳ್ಳುತ್ತದೆ. ಒಣಗಿದ ಡಾಂಬರಿನ ಮೇಲೆ ಜಾರಲಾರದು; ಆಗ ದಂಡಗಳು ಹುರಿಗೊಂಡ ಹಗ್ಗದಂತೆ ಬಿಗಿದುಕೊಳ್ಳುತ್ತವೆ. ಹಿಮ ತಳ್ಳುವ ಲಾರಿಗೆ ಇದು ವಿಶೇಷ ಸಂಕಟ. ಹಲಗೆ ಹೆರೆದ ಕಡೆ ಡಾಂಬರು ಬರಿದಾಗಿರುತ್ತದೆ, ಹತ್ತು ಮಾರು ಆಚೆ ಮತ್ತೆ ಹಿಮ. ಮುಂದೆ, ಹಿಂದೆ, ಮುರಿದು ತಿರುಗು, ಮತ್ತೆ ಮುಂದೆ. ಒಂದು ರಾತ್ರಿಯಲ್ಲಿ ಮುಂದಿನ ಗಾಲಿಗಳನ್ನು ಎಷ್ಟೋ ಬಾರಿ ಹೂಡಿ ಬಿಡಬೇಕಾಗುವುದು.

ಹಿಂದೆ ಇದನ್ನು ಕೈ ಮಾಡುತ್ತಿತ್ತು. ಈಗಿನ ಅನೇಕ ಲಾರಿಗಳಲ್ಲಿ ಚಾಲಕನ ಮುಂದೆ ಒಂದು ಗುಂಡಿ ಅಥವಾ ತಿರುಪು ಮಾತ್ರ ಇದೆ. ಅದನ್ನು ಒತ್ತಿದರೆ ಸಂದೇಶ ನಿಯಂತ್ರಕ ಎಂಬ ಪುಟ್ಟ ಎಲೆಕ್ಟ್ರಾನಿಕ್ ಪೆಟ್ಟಿಗೆಗೆ ಹೋಗುತ್ತದೆ. ಲಾರಿಯ ವೇಗವೆಷ್ಟು, ಗೇರು ಯಾವುದು ಎಂದು ಅದು ನೋಡಿಕೊಂಡು, ಲಾರಿಯ ಹೊಟ್ಟೆಯ ಕೆಳಗಿರುವ ಟ್ರಾನ್ಸ್‌ಫರ್ ಕೇಸಿನ ಮೋಟಾರಿಗೆ ವಿದ್ಯುತ್ತನ್ನು ಬಿಡುತ್ತದೆ. ಮೋಟಾರು ಒಂದು ಕವಲನ್ನು ಸರಿಸುತ್ತದೆ, ಕವಲು ಹಲ್ಲುಗಳುಳ್ಳ ಬಳೆಯೊಂದನ್ನು ಜಾರಿಸುತ್ತದೆ. ಬಳೆ ಯಾವ ಸ್ಥಾನದಲ್ಲಿದೆ ಎಂಬುದನ್ನು ಒಂದು ಸ್ಥಾನಸೂಚಕ ಹಿಂತಿರುಗಿ ತಿಳಿಸುತ್ತದೆ. ಅದಾದ ಮೇಲೆ ಮುಂದಿನ ಇರುಸಿನಲ್ಲಿಯೋ ಗಾಲಿಯ ಗುಂಬದಲ್ಲಿಯೋ ಇರುವ ಇನ್ನೊಂದು ಕೊಂಡಿ ಕೂಡಿಕೊಳ್ಳಬೇಕು. ಎಲ್ಲವೂ ಸರಿಯಾದರೆ ದೀಪ ಸ್ಥಿರವಾಗಿ ಉರಿಯುತ್ತದೆ. ಆಗದಿದ್ದರೆ ಮಿಣುಕುತ್ತಲೇ ಇರುತ್ತದೆ.

ಇದೊಂದು ಸರಪಳಿ. ಹತ್ತು ಕೊಂಡಿಗಳಿರುವ ಸರಪಳಿಯ ಪ್ರತಿಯೊಂದು ಕೊಂಡಿಯೂ ನೂರಕ್ಕೆ 99 ಬಾರಿ ಸರಿಯಾಗಿ ಕೆಲಸ ಮಾಡುತ್ತದೆಂದು ಭಾವಿಸೋಣ. ಇಡೀ ಸರಪಳಿ ಸರಿಯಾಗಿರುವ ಸಂಭವ 0.99ನ್ನು ಹತ್ತು ಬಾರಿ ಗುಣಿಸಿದಷ್ಟು, ಎಂದರೆ ಸುಮಾರು 0.904. ನೂರು ಬಾರಿ ಗುಂಡಿ ಒತ್ತಿದರೆ ಹತ್ತು ಬಾರಿ ನಿರಾಶೆ! ಮೂರೇ ಕೊಂಡಿಗಳ ಹಳೆಯ ಸನ್ನೆಗೆ ಇದೇ ಲೆಕ್ಕ ಹಿಡಿದರೆ ನಿರಾಶೆ ಮೂರು ಬಾರಿ. ನಿಜವಾದ ಭಾಗಗಳು ಇದಕ್ಕಿಂತ ಬಹಳ ನಂಬಿಕೆಯವು. ಸನ್ನೆಯ ಕೀಲುಗಳೂ ತುಕ್ಕು ಹಿಡಿಯುತ್ತವೆ, ಬಾಗುತ್ತವೆ. ಆದರೂ ಕೊಂಡಿಗಳು ಹೆಚ್ಚಿದಷ್ಟೂ ಪ್ರತಿಯೊಂದೂ ಇನ್ನಷ್ಟು ಗಟ್ಟಿಯಾಗಿರಬೇಕೆಂಬ ಮಾತು ತಪ್ಪದು.

ಯಾವ ಕೊಂಡಿ ಮೊದಲು ಸೋಲುತ್ತದೆ? ಎಲೆಕ್ಟ್ರಾನಿಕ್ ಪೆಟ್ಟಿಗೆಯೇ ಎಂದು ಬಹು ಜನರ ಊಹೆ. ನನ್ನ ಮಟ್ಟಿಗೆ ಅದು ಅನ್ಯಾಯವಾದ ಆಪಾದನೆ. ಪೆಟ್ಟಿಗೆ ಬಹುಮಟ್ಟಿಗೆ ಒಳಗೆ, ಬೆಚ್ಚಗೆ, ಒಣಗಿದ ಜಾಗದಲ್ಲಿ ಕುಳಿತಿರುತ್ತದೆ. ಕಷ್ಟವೆಲ್ಲ ಹೊರಗಿನ ಮೋಟಾರು, ತಂತಿ, ಬೆಸುಗೆಗಳದ್ದು. ಹಿಮ ಕರಗಲೆಂದು ರಸ್ತೆಗೆ ಉಪ್ಪು ಎರಚುತ್ತಾರೆ. ಅಡಿಗೆಯ ಉಪ್ಪಿನ ದ್ರಾವಣ ಹೆಚ್ಚೆಂದರೆ ಸೊನ್ನೆಗಿಂತ 21 ಡಿಗ್ರಿ ಸೆಲ್ಸಿಯಸ್ ಕೆಳಗಿನವರೆಗೆ ಹೆಪ್ಪುಗಟ್ಟದೆ ಇರಬಲ್ಲದು. ಎಂದರೆ ಕೊರೆಯುವ ಚಳಿಯಲ್ಲಿಯೂ ಲಾರಿಯ ಅಡಿಗೆ ದ್ರವರೂಪದ, ವಿದ್ಯುದ್ವಾಹಕವಾದ ಲವಣಜಲ ಸಿಡಿಯುತ್ತಲೇ ಇರುತ್ತದೆ. ಎರಡು ಬೇರೆ ಲೋಹಗಳು ಕೂಡುವ ಪ್ರತಿಯೊಂದು ಸಂಧಿಯಲ್ಲಿಯೂ ಅದು ಒಂದು ಪುಟ್ಟ ವಿದ್ಯುತ್ಕೋಶವನ್ನೇ ನಿರ್ಮಿಸಿ ಲೋಹವನ್ನು ತಿನ್ನತೊಡಗುತ್ತದೆ. ವಿಚಿತ್ರವೆಂದರೆ, ರಾತ್ರಿ ಲಾರಿಯನ್ನು ಬೆಚ್ಚನೆಯ ಕೊಟ್ಟಿಗೆಯಲ್ಲಿ ನಿಲ್ಲಿಸಿದರೆ ಈ ಕೊರೆತ ಇನ್ನೂ ತೀವ್ರವಾಗುತ್ತದೆ. ರಾಸಾಯನಿಕ ಕ್ರಿಯೆಗೆ ಶಾಖವೇ ಮಿತ್ರನಷ್ಟೆ. ಕೆಲಸ ಮಾಡಿ ಬಿಸಿಯಾದ ಮೋಟಾರಿನ ಕವಚ ಕೆಸರುಹಿಮಕ್ಕೆ ತಾಗಿ ಥಟ್ಟನೆ ತಣಿದಾಗ ಒಳಗಿನ ಗಾಳಿ ಕುಗ್ಗುತ್ತದೆ. ಬಿರುಕು ಎಷ್ಟೇ ಸೂಕ್ಷ್ಮವಾಗಿದ್ದರೂ ಅದು ನೀರನ್ನು ಒಳಗೆಳೆದುಕೊಳ್ಳುತ್ತದೆ.

ತುಕ್ಕು ಹಿಡಿದ ಸಂಧಿ ಏನು ಮಾಡೀತು? ಓಮನ ನಿಯಮವನ್ನು ನೆನೆಯಿರಿ. 12 ವೋಲ್ಟಿನಲ್ಲಿ 10 ಆಂಪಿಯರ್ ಸೆಳೆಯುವ ಮೋಟಾರಿನ ರೋಧ 1.2 ಓಮ್ ಎಂದು ಸ್ಥೂಲವಾಗಿ ಹೇಳಬಹುದು. ತುಕ್ಕು ಕೇವಲ 0.4 ಓಮ್ ರೋಧವನ್ನು ಸೇರಿಸಿತೆನ್ನಿ, ಪ್ರವಾಹ 7.5 ಆಂಪಿಯರಿಗೆ ಇಳಿಯಿತು. ಇನ್ನೊಂದು ಕಡೆ, ಹಲಗೆಯನ್ನು ಎತ್ತುವ ವಿದ್ಯುತ್ ಪಂಪು ಬ್ಯಾಟರಿಯಿಂದ 150 ಆಂಪಿಯರನ್ನೂ ಮೀರಿ ಸೆಳೆಯುವುದುಂಟು. ಚಳಿಯಲ್ಲಿ ಬ್ಯಾಟರಿಯ ಕಸುವೂ ಕುಗ್ಗಿರುತ್ತದೆ. ಅದೇ ಕ್ಷಣದಲ್ಲಿ ವೋಲ್ಟೇಜು 10ಕ್ಕೆ ಕುಸಿದರೆ ಮೋಟಾರಿಗೆ ಸಿಗುವುದು 6.25 ಆಂಪಿಯರ್ ಮಾತ್ರ. ಇಂತಹ ಮೋಟಾರಿನ ತಿರುಚುಬಲ ಪ್ರವಾಹಕ್ಕೆ ಅನುಗುಣವಾಗಿರುವುದರಿಂದ ಅದರ ಬಲ ಎಂಟರಲ್ಲಿ ಐದು ಪಾಲಿಗೆ ಇಳಿಯಿತು. ಸರಿಸಬೇಕಾದ ಕವಲೋ, ಚಳಿಗೆ ಮಂದವಾದ ಜಿಡ್ಡಿನಲ್ಲಿ ಅಂಟಿಕೊಂಡಿದೆ.

ಇಲ್ಲಿ ರಿಪೇರಿಯವರನ್ನೂ ಏಮಾರಿಸುವ ಒಂದು ಸಂಗತಿಯಿದೆ. ಮೋಟಾರಿನ ಜೋಡಣೆಯನ್ನು ಬಿಚ್ಚಿ, ತಂತಿಯ ತುದಿಗೆ ವೋಲ್ಟ್‌ಮಾಪಕವನ್ನು ಹಚ್ಚಿದರೆ ಅದು ನಿರಾತಂಕವಾಗಿ 12 ವೋಲ್ಟ್ ತೋರಿಸುತ್ತದೆ! ಮಾಪಕ ಸೆಳೆಯುವ ಪ್ರವಾಹ ಅತ್ಯಲ್ಪ. ಪ್ರವಾಹವಿಲ್ಲದಿದ್ದರೆ ರೋಧದಲ್ಲಿ ನಷ್ಟವೂ ಇಲ್ಲ. ತಂತಿ ಸರಿಯಿದೆಯೆಂದು ನಂಬಿ ದುಬಾರಿ ನಿಯಂತ್ರಕವನ್ನು ಬದಲಿಸುತ್ತಾರೆ. ಹೊಸ ಸಂಧಿ ಕೂಡಿಸುವಾಗ ತುಕ್ಕು ಅಷ್ಟಿಷ್ಟು ಉಜ್ಜಿಹೋಗಿ ನಾಲ್ಕು ದಿನ ಎಲ್ಲವೂ ಸರಿಹೋದಂತೆ ಕಾಣುತ್ತದೆ. ಮೋಟಾರು ತಿರುಗುತ್ತಿರುವಾಗಲೇ, ಭಾರವಿದ್ದಾಗಲೇ, ಸಂಧಿಯ ಎರಡು ಬದಿಗಳ ನಡುವಣ ವೋಲ್ಟೇಜನ್ನು ಅಳೆಯಬೇಕು. ಕಾಲೇಜಿನ ಪ್ರಯೋಗಶಾಲೆಯಲ್ಲಿ ಇದನ್ನು ಒಂದು ಬಲ್ಬು, ಒಂದು ಸಣ್ಣ ರೋಧಕವನ್ನಿಟ್ಟುಕೊಂಡು ಯಾರು ಬೇಕಾದರೂ ಮಾಡಿ ನೋಡಬಹುದು.

ಮುಂದಿನ ಇರುಸಿನ ಕೊಂಡಿಯನ್ನು ಒಬ್ಬೊಬ್ಬ ತಯಾರಕರು ಒಂದೊಂದು ಬಗೆಯಲ್ಲಿ ರಚಿಸಿದ್ದಾರೆ. ಜನರಲ್ ಮೋಟಾರ್ಸ್ 1988ರಲ್ಲಿ ಹೊರತಂದ ಪಿಕಪ್‌ಗಳಲ್ಲಿ ಶಾಖದ ಉಪಾಯವಿತ್ತು. ಮುಚ್ಚಿದ ಕೊಳವೆಯೊಳಗಿನ ದ್ರವ್ಯವನ್ನು ವಿದ್ಯುತ್ತಿನಿಂದ ಕಾಯಿಸಿದರೆ ಅದು ಹಿಗ್ಗಿ ಒಂದು ಕಡ್ಡಿಯನ್ನು ಹೊರಕ್ಕೆ ದೂಡುತ್ತದೆ, ಕಡ್ಡಿ ಇರುಸನ್ನು ಕೂಡಿಸುತ್ತದೆ. ಸರಳ, ಚೆಲುವಾದ ಯುಕ್ತಿ. ಆದರೆ ಯಾವ ಚಳಿಯಲ್ಲಿ ಅದರ ಅಗತ್ಯ ಹೆಚ್ಚೋ ಅದೇ ಚಳಿಯಲ್ಲಿ ಅದು ಕಾಯುವುದು ನಿಧಾನ. ಚಾಲಕ ಗುಂಡಿ ಒತ್ತಿ ಅರ್ಧ ನಿಮಿಷ, ಕೆಲವೊಮ್ಮೆ ಅದಕ್ಕೂ ಹೆಚ್ಚು ಹೊತ್ತು ಕಾದಿರಬೇಕಾಗಿತ್ತು. ಮುಂದೆ ಇದರ ಬದಲು ವಿದ್ಯುತ್ ಮೋಟಾರು ಬಂದಿತು.

ಫೋರ್ಡ್ ಕಂಪೆನಿಯವರು ನಿರ್ವಾತವನ್ನು ನೆಚ್ಚಿದರು. ಅವರ ಎರಡು ಲಾರಿಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡುವುದು ಬೋಧಪ್ರದ. 2004ರಿಂದ ಎಫ್-150 ಲಾರಿಯಲ್ಲಿ ಗಾಲಿಯ ಕೊಂಡಿಯನ್ನು ಬಿಡಿಸಿ ಹಿಡಿಯುವುದೇ ನಿರ್ವಾತದ ಕೆಲಸವಾಯಿತು. ನಿರ್ವಾತ ಹೋದರೆ ಒಳಗಿನ ಸ್ಪ್ರಿಂಗು ಕೊಂಡಿಯನ್ನು ಕೂಡಿಸುತ್ತದೆ. ಎಂದರೆ ಕೊಳವೆ ಪೂರ್ತಿ ಕಿತ್ತುಹೋದರೂ ಗಾಲಿ ಹೂಡಿಕೊಳ್ಳುತ್ತದೆ. ಹಿಮದವನಿಗೆ ಇದು ಒಳ್ಳೆಯದೇ. ಆದರೆ ಕೊಳವೆ ಅರ್ಧಂಬರ್ಧ ಸೋರಿದರೆ ಹಲ್ಲುಗಳು ಪೂರ್ತಿ ಬಿಡದೆ, ಪೂರ್ತಿ ಕೂಡದೆ, ಒಂದರ ಮೇಲೊಂದು ಕರಕರನೆ ಉಜ್ಜಿ ಸವೆಯುತ್ತವೆ. ಹಿಮದ ಹಲಗೆಯನ್ನು ಹೆಚ್ಚಾಗಿ ಹೊರುವ ಸೂಪರ್ ಡ್ಯೂಟಿ ಲಾರಿಯಲ್ಲಿ ಗುಂಡಿಯ ಏರ್ಪಾಡು ಇದಕ್ಕೆ ವಿರುದ್ಧ: ಕೊಂಡಿಯನ್ನು ಕೂಡಿಸಲು ನಿರ್ವಾತ ಬೇಕು. ಸೋರಿದರೆ ಮುಂದಿನ ಗಾಲಿಗಳಿಗೆ ಶಕ್ತಿಯಿಲ್ಲ. ಆದರೆ ಅದರ ಗಾಲಿಯ ನಡುವೆ ಒಂದು ತಿರುಗಣೆಯಿದೆ. ಚಾಲಕ ಕೆಳಗಿಳಿದು ಅದನ್ನು ಕೈಯಿಂದಲೇ ತಿರುಗಿಸಿ ಕೊಂಡಿಯನ್ನು ಬಿಗಿಯಬಹುದು. 1948ರಲ್ಲಿ ಆರ್ಥರ್ ವಾರ್ನ್ ಎಂಬಾತ ಜೀಪುಗಳಿಗಾಗಿ ಕೈಯಿಂದ ತಿರುಗಿಸುವ ಗಾಲಿಯ ಕೊಂಡಿಯನ್ನು ಮಾರಾಟಕ್ಕೆ ತಂದಿದ್ದನು. ಅದರ ವಂಶದ್ದೇ ಇದು.

ಕೆಟ್ಟಾಗ ಯಂತ್ರ ಯಾವ ಸ್ಥಿತಿಗೆ ಬಂದು ನಿಲ್ಲಬೇಕು ಎಂಬ ಪ್ರಶ್ನೆಯನ್ನು ರಚನಕಾರ ಮೊದಲೇ ತೀರ್ಮಾನಿಸಿರುತ್ತಾನೆ. ಸ್ಥಾನಸೂಚಕ ಅರ್ಥವಾಗದ ಉತ್ತರ ಕೊಟ್ಟಾಗ ಅನೇಕ ನಿಯಂತ್ರಕಗಳು ಇದ್ದಲ್ಲಿಯೇ ಇದ್ದು ಎಚ್ಚರಿಕೆಯ ದೀಪ ಹೊತ್ತಿಸುತ್ತವೆ. ಹೆದ್ದಾರಿಯಲ್ಲಿ ಓಡುವ ಸಂಸಾರಸ್ಥನಿಗೆ ಅದು ಸುರಕ್ಷಿತ. ನೂರು ಕಿಲೋಮೀಟರ್ ವೇಗದಲ್ಲಿ ಗೇರು ತಾನೇ ಬದಲಾದರೆ ಅನಾಹುತ. ನಸುಕಿನ ಮೂರು ಗಂಟೆಗೆ ಆಸ್ಪತ್ರೆಯ ಅಂಗಳದಲ್ಲಿ ನಿಂತವನಿಗೆ ಅದೇ ಸ್ಥಿತಿ ವಿಪತ್ತು. ಹಲಗೆ ಕಟ್ಟುವ ಲಾರಿಗೆ ಕೈಯಿಂದ ಹೂಡುವ ಒಂದು ದಾರಿಯನ್ನು ಉಳಿಸಲೇಬೇಕೆಂಬುದು ನನ್ನ ಅಭಿಪ್ರಾಯ.

ಹಾಗೆಂದು ಸನ್ನೆಯೇ ಶ್ರೇಷ್ಠವೆನ್ನಲಾಗದು. ಓಡುತ್ತಿರುವಾಗ ಕೆಳಗಿನ ಗೇರಿಗೆ ದೂಡಿ ಹಲ್ಲು ಮುರಿದುಕೊಳ್ಳುವುದನ್ನು ಸನ್ನೆ ತಡೆಯುತ್ತಿರಲಿಲ್ಲ. ನಿಯಂತ್ರಕ ಖಂಡಿತವಾಗಿ ತಡೆಯುತ್ತದೆ. ಸನ್ನೆಗಿದ್ದ ಗುಣ ಬೇರೆ. ದಂಡಗಳು ಹುರಿಗೊಂಡಿದ್ದರೆ ಅದು ಕೈಗೆ ಬಿಗಿಯಾಗಿ ಹತ್ತುತ್ತಿತ್ತು. ಚಾಲಕ ಲಾರಿಯನ್ನು ಎರಡು ಮಾರು ನೇರವಾಗಿ ಹಿಂದಕ್ಕೆ ಬಿಟ್ಟರೆ ಹುರಿ ಬಿಚ್ಚಿ, ಸನ್ನೆ ತಾನಾಗಿ ಜಾರುತ್ತಿತ್ತು. ಗುಂಡಿಯಿಂದ ಅಂಗೈಗೆ ಆ ಸುದ್ದಿ ಬಾರದು. ದೀಪ ಮಿಣುಕುವುದನ್ನು ಕಂಡು ಗುಂಡಿಯನ್ನು ಮತ್ತೆ ಮತ್ತೆ ಒತ್ತುವವರೇ ಹೆಚ್ಚು. ಆಗಲೂ ಮಾಡಬೇಕಾದುದು ಅದೇ ಹಳೆಯ ಕೆಲಸ, ಎರಡು ಮಾರು ಹಿಂದಕ್ಕೆ.

ಬೇಸಗೆಯಿಡೀ ಸುಮ್ಮನಿದ್ದ ಕವಲು ಡಿಸೆಂಬರಿನಲ್ಲಿ ಮೊಂಡುಹಿಡಿಯುವುದು ಸಹಜ. ಟೊಯೋಟ ಕಂಪೆನಿಯ ಕೈಪಿಡಿಯಲ್ಲಿ ತಿಂಗಳಿಗೆ 16 ಕಿಲೋಮೀಟರಾದರೂ ನಾಲ್ಕು ಗಾಲಿಗಳನ್ನು ಹೂಡಿ ಓಡಿಸಬೇಕೆಂದು ಬರೆದಿರುವುದು ಎಣ್ಣೆ ಎಲ್ಲ ಕಡೆ ಹರಿದು ಭಾಗಗಳು ಅಂಟದಿರಲೆಂದು. ಸಂಧಿಗಳಿಗೆ ನೀರು ತಡೆಯುವ ಜಿಡ್ಡು ಹಚ್ಚುವುದು, ಕೆಲಸ ಮುಗಿದ ಮೇಲೆ ಹೊಟ್ಟೆಯನ್ನು ಸಿಹಿನೀರಿನಲ್ಲಿ ತೊಳೆಯುವುದು ಅನುಭವಿಗಳ ಪದ್ಧತಿ. ಹಿಮದ ಮುನ್ಸೂಚನೆ ಬಂದ ಸಂಜೆಯೇ ಅವರು ಅಂಗಳದಲ್ಲಿ ಗುಂಡಿ ಒತ್ತಿ, ತೇವದ ಹುಲ್ಲು ಅಥವಾ ಜಲ್ಲಿಯ ಮೇಲೆ ನಡಿಗೆಯ ವೇಗದಲ್ಲಿ ಲಾರಿಯನ್ನು ಒಂದು ಸುತ್ತು ತಿರುಗಿಸುತ್ತಾರೆ. ದೀಪ ಏನೇ ಹೇಳಲಿ, ಮುಂದಿನ ಗಾಲಿಗಳು ಹೂಡಿದ್ದರೆ ತಿರುವಿನಲ್ಲಿ ಸ್ಟೀರಿಂಗು ತುಸು ಬಿಗಿಯಾಗಿ, ಲಾರಿ ಹಿಂಜರಿದಂತೆ ಕೈಗೆ ತಿಳಿಯುತ್ತದೆ. ತಿಳಿಯದಿದ್ದರೆ ಇನ್ನೂ ಬೆಳಕಿರುವಾಗಲೇ ಟಾರ್ಚು ಹಿಡಿದು ಲಾರಿಯ ಅಡಿಗೆ ತೆವಳುತ್ತಾರೆ.