ಕಲ್ಲಿನ ಕಾಡಿನಲ್ಲಿ ಅಕ್ಷರಾಭ್ಯಾಸ

ಚೀನಾದ ಶಿಯಾನ್ ಎಂದರೆ ಹೆಚ್ಚಿನವರಿಗೆ ನೆನಪಾಗುವುದು ಮಣ್ಣಿನ ಸೈನಿಕರ ಸೇನೆ. ಅದು ಇರುವುದು ಊರಾಚೆಗೆ, ಲಿಂತೊಂಗ್‌ನಲ್ಲಿ. ಚೀನೀ ಭಾಷೆ ಕಲಿಯಲೆಂದು ಈ ಊರಿನ ವಿಶ್ವವಿದ್ಯಾಲಯಗಳಿಗೆ ಬರುವ ವಿದೇಶಿ ವಿದ್ಯಾರ್ಥಿಗಳು ಅದಕ್ಕೂ ಮೊದಲು ನೋಡಬೇಕಾದದ್ದು ಕೋಟೆಯ ದಕ್ಷಿಣ ಬಾಗಿಲಿನ ಒಳಗಿದೆ. ಅದು ಬೇಯ್‌ಲಿನ್, ಶಿಲಾಶಾಸನಗಳ ಕಾಡು. 1087ರಲ್ಲಿ, ಸೊಂಗ್ ಅರಸರ ಕಾಲದಲ್ಲಿ, ಲ್ಯು ದಾಝೊಂಗ್ ಎಂಬ ಅಧಿಕಾರಿ ದಿಕ್ಕಾಪಾಲಾಗಿದ್ದ ಹಳೆಯ ಶಾಸನಗಳನ್ನು ಇಲ್ಲಿಗೆ ಸಾಗಿಸಿ ನಿಲ್ಲಿಸಿದ. ಆಮೇಲೆ ಬಂದವರೂ ಕಲ್ಲುಗಳನ್ನು ಕೂಡಿಸುತ್ತಲೇ ಹೋದರು. ಆಳೆತ್ತರದ, ಆಳಿಗಿಂತ ಎತ್ತರದ ಕಪ್ಪು ಕಲ್ಲುಗಳು ಇಂದು ಸಾಲುಸಾಲಾಗಿ ನಿಂತಿವೆ.

ಈ ಸಂಗ್ರಹದ ಬೆನ್ನೆಲುಬು ಕೈಚೆಂಗ್ ಶಿಲಾಗ್ರಂಥ. ತಾಂಗ್ ರಾಜವಂಶದ ರಾಜಧಾನಿ ಚಾಂಗಾನ್ ಇದ್ದದ್ದು ಇಲ್ಲಿಯೇ. ಸರ್ಕಾರಿ ಹುದ್ದೆಗೆ ಪರೀಕ್ಷೆ ಬರೆಯುವವರು ಕನ್‌ಫ್ಯೂಷಿಯಸ್ ಪರಂಪರೆಯ ಗ್ರಂಥಗಳನ್ನು ಬಾಯಿಪಾಠ ಮಾಡಬೇಕಿತ್ತು. ಆದರೆ ಅಚ್ಚುಮೊಳೆ ಇಲ್ಲದ ಕಾಲವದು. ಕೈಯಿಂದ ಕೈಗೆ ನಕಲಾಗುವಾಗ ಪಾಠ ಕೆಡುತ್ತಿತ್ತು. ಹಾಗಾಗಿ 837ರ ಹೊತ್ತಿಗೆ ಹನ್ನೆರಡು ಗ್ರಂಥಗಳನ್ನು 114 ಕಲ್ಲುಗಳ ಎರಡೂ ಮುಖಗಳ ಮೇಲೆ ಕೆತ್ತಿ ಮುಗಿಸಿದರು. ಒಟ್ಟು ಆರೂವರೆ ಲಕ್ಷ ಅಕ್ಷರಗಳು. ಸಂಶಯ ಬಂದವನು ಕಲ್ಲಿನ ಮುಂದೆ ನಿಂತು ತನ್ನ ಪ್ರತಿಯನ್ನು ತಿದ್ದಿಕೊಳ್ಳಬಹುದಿತ್ತು. ಒಂದು ಗ್ರಂಥಾಲಯವನ್ನೇ ಕಲ್ಲಿನಲ್ಲಿ ಕಟ್ಟಿದ ಆ ಶ್ರದ್ಧೆಗೆ ತಲೆಬಾಗದಿರಲು ಸಾಧ್ಯವಿಲ್ಲ. 1556ರ ಭೀಕರ ಭೂಕಂಪದಲ್ಲಿ ಹಲವು ಕಲ್ಲುಗಳು ಮುರಿದವು. ನಷ್ಟವಾದ ಅಕ್ಷರಗಳನ್ನು ಮಿಂಗ್ ಕಾಲದವರು ಬೇರೆ ಸಣ್ಣ ಕಲ್ಲುಗಳಲ್ಲಿ ಕೆತ್ತಿಸಿ ಪಕ್ಕದಲ್ಲಿರಿಸಿದರು.

ಭಾಷೆ ಕಲಿಯುವವರಿಗೆ ನನ್ನ ಮಟ್ಟಿಗೆ ಇದಕ್ಕಿಂತ ಹತ್ತಿರವಾದದ್ದು ಯಾನ್ ಝೆನ್‌ಚಿಂಗ್ ಬರೆದ ದುಯೊಬಾವ್ ಗೋಪುರದ ಶಾಸನ. ಕಾಲ 752. ಕುಂಚ ಹಿಡಿದು ಬರವಣಿಗೆ ಕಲಿಯುವ ಚೀನೀ ಮಕ್ಕಳು ಇಂದಿಗೂ ತಿದ್ದುವ ಮಾದರಿ ಅಕ್ಷರಗಳಲ್ಲಿ ಇದರವೂ ಸೇರಿವೆ. ಗೆರೆ ಎಲ್ಲಿ ಶುರುವಾಯಿತು, ಕುಂಚ ಎಲ್ಲಿ ಒತ್ತಿತು, ಎಲ್ಲಿ ಎತ್ತಿತು ಎಂಬುದು ಕಲ್ಲಿನಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ತರಗತಿಯಲ್ಲಿ ಹೇಳಿಕೊಡುವ ಗೆರೆಗಳ ಕ್ರಮ ಬರೀ ನಿಯಮವಲ್ಲ, ಕೈಯ ಸಹಜ ಓಟ ಎಂಬುದು ಇಲ್ಲಿ ಮನದಟ್ಟಾಗುತ್ತದೆ. ಒಂದು ತೊಡಕೂ ಇದೆ. 1956ರ ಸುಧಾರಣೆಯ ನಂತರ ಚೀನಾದ ಶಾಲೆಗಳಲ್ಲಿ ಕಲಿಸುವುದು ಸರಳಗೊಳಿಸಿದ ಲಿಪಿ. ಕಲ್ಲಿನ ಮೇಲಿರುವುದು ಹಳೆಯ ರೂಪ. ಗುರುತಿರುವ ಅಕ್ಷರವೂ ಇಲ್ಲಿ ಹೆಚ್ಚು ಗೆರೆ ತೊಟ್ಟು ಅಪರಿಚಿತವಾಗುತ್ತದೆ.

ಇಲ್ಲಿ ಶಾಸನದ ಪಡಿಯಚ್ಚು ತೆಗೆಯುವುದನ್ನೂ ನೋಡಬಹುದು. ಒದ್ದೆ ಮಾಡಿದ ತೆಳುಕಾಗದವನ್ನು ಕಲ್ಲಿಗೆ ಅಂಟಿಸಿ, ಕೆತ್ತಿದ ಗುಳಿಗಳೊಳಗೆ ಇಳಿಯುವಂತೆ ಬ್ರಷ್ಷಿನಿಂದ ತಟ್ಟುತ್ತಾರೆ. ಕಾಗದ ಮುಕ್ಕಾಲು ಒಣಗಿದಾಗ, ಮಸಿ ಹೀರಿದ ಬಟ್ಟೆಯ ಉಂಡೆಯಿಂದ ಮೆಲ್ಲಗೆ ಒತ್ತುತ್ತಾ ಹೋಗುತ್ತಾರೆ. ನೆಲವೆಲ್ಲ ಕಪ್ಪಾಗಿ ಅಕ್ಷರಗಳು ಬೆಳ್ಳಗೆ ಮೂಡುತ್ತವೆ. ನಮ್ಮ ಶಾಸನತಜ್ಞರು ಊರೂರು ಅಲೆದು ಪಡಿಯಚ್ಚು ತೆಗೆದದ್ದು ಇದೇ ಬಗೆಯಲ್ಲಿ. ಹೊರಗೆ ಶುಯುವಾನ್‌ಮೆನ್ ಬೀದಿಯ ಅಂಗಡಿಗಳಲ್ಲಿ ಪಡಿಯಚ್ಚುಗಳ ಜೊತೆಗೆ ಕುಂಚ, ಮಸಿ, ಕಾಗದ, ಮಸಿ ತೇಯುವ ಕಲ್ಲು ಮಾರಾಟಕ್ಕಿರುತ್ತವೆ. ಕಲಿತ ನಾಲ್ಕು ಮಾತನ್ನು ಆಡಿ ನೋಡಲು, ಬೆಲೆ ಕೇಳಲು ಒಳ್ಳೆಯ ಜಾಗ. ಪಠ್ಯಪುಸ್ತಕದ ಚೀನೀ ಭಾಷೆಗೂ ಇಲ್ಲಿನ ಹಿರಿಯರ ಆಡುಮಾತಿಗೂ ಸ್ವರದ ಏರಿಳಿತದಲ್ಲಿ ಸಾಕಷ್ಟು ಅಂತರವಿದೆ. ಕಿವಿ ಪಳಗಲು ಸಮಯ ಬೇಕು.

781ರ ಇನ್ನೊಂದು ಕಲ್ಲು ಪೂರ್ವದ ಕ್ರೈಸ್ತರದ್ದು. ಅದರಲ್ಲಿ ಚೀನೀ ಲಿಪಿಯ ಜೊತೆ ಸಿರಿಯಾಕ್ ಲಿಪಿಯೂ ಇದೆ. 1907ರಲ್ಲಿ ಡೆನ್ಮಾರ್ಕಿನ ಫ್ರಿಟ್ಸ್ ಹೋಲ್ಮ್ ಇದನ್ನು ಸಾಗಿಸಲು ಯತ್ನಿಸಿದ. ಅಧಿಕಾರಿಗಳು ಬಿಡಲಿಲ್ಲ, ಕಲ್ಲನ್ನು ಬೇಯ್‌ಲಿನ್‌ಗೆ ತಂದಿಟ್ಟರು. ಅವನಿಗೆ ದಕ್ಕಿದ್ದು ಪ್ರತಿಕೃತಿ ಮಾತ್ರ.

ಕನ್ನಡಿಗರು ಹುಡುಕಿಕೊಂಡು ನಿಲ್ಲಬೇಕಾದ ಕಲ್ಲು 672ರದ್ದು. ಹ್ಯೂಯೆನ್ ತ್ಸಾಂಗ್ ಭಾರತದಿಂದ ತಂದು ಅನುವಾದಿಸಿದ ಬೌದ್ಧ ಗ್ರಂಥಗಳಿಗೆ ಚಕ್ರವರ್ತಿ ತಾಯ್‌ಝೊಂಗ್ ಬರೆದ ಮುನ್ನುಡಿ ಅದರಲ್ಲಿದೆ. ನಾಲ್ಕನೆಯ ಶತಮಾನದ ಮಹಾನ್ ಲಿಪಿಕಾರ ವಾಂಗ್ ಶೀಝಿಯ ಬರಹಗಳಿಂದ ಒಂದೊಂದೇ ಅಕ್ಷರವನ್ನು ಆಯ್ದು ಜೋಡಿಸಿದವನು ಹುವಾಯ್‌ರೆನ್ ಎಂಬ ಭಿಕ್ಷು. ಹ್ಯೂಯೆನ್ ತ್ಸಾಂಗ್ 645ರಲ್ಲಿ ಈ ಊರಿಗೆ ಮರಳಿದ. ಮರುವರ್ಷ ಅವನ ಪ್ರವಾಸ ಕಥನ ಇಲ್ಲಿಯೇ ಸಿದ್ಧವಾಯಿತು. ಹರ್ಷನಿಗೂ ಮಣಿಯದ ಬಾದಾಮಿಯ ಇಮ್ಮಡಿ ಪುಲಕೇಶಿ ಅದರಲ್ಲಿ ಬರುತ್ತಾನೆ. ಅದೇ ಅರಸನನ್ನು ರವಿಕೀರ್ತಿ ಐಹೊಳೆಯ ಶಾಸನದಲ್ಲಿ ಹೊಗಳಿ ಆಗಿನ್ನೂ ಹೆಚ್ಚು ವರ್ಷಗಳಾಗಿರಲಿಲ್ಲ. ಕರ್ನಾಟಕದಿಂದ ಚೀನೀ ಭಾಷೆ ಕಲಿಯಲು ಹೋದವರಿಗೆ ಪುಲಕೇಶಿಯ ಆ ಪುಟವನ್ನು ಮೂಲದಲ್ಲಿಯೇ ಓದುವ ಆಸೆ ಹುಟ್ಟಿದರೆ, ಅದಕ್ಕೆ ಬೇಕಾದ ಹಳೆಯ ಲಿಪಿಯ ಅಭ್ಯಾಸವನ್ನು ಈ ಕಲ್ಲಿನಿಂದಲೇ ಶುರುಮಾಡಬಹುದು.