ಮಣ್ಣಿನ ಜೀವಕ್ಕೂ ಅಭಯ

ಜೈನ ದರ್ಶನದಲ್ಲಿ ಮಣ್ಣು ಜಡವಸ್ತುವಲ್ಲ. ಅದು ಪೃಥ್ವೀಕಾಯಿಕ ಜೀವಗಳ ಶರೀರ. ಅದರೊಳಗೆ ಚಲಿಸುವ ಎರೆಹುಳು ದ್ವೀಂದ್ರಿಯ ಜೀವಿ.

ರಾಯಬಾಗ ಸೀಮೆಯ ಕಬ್ಬಿನ ಹೊಲಕ್ಕೆ ಸಿಂಪಡಿಸಿದ ಕೀಟನಾಶಕ ಕೀಟದೊಡನೆಯೇ ಕೊನೆಗೊಳ್ಳುವುದಿಲ್ಲ. ಒಂದಂಶ ಕರಿಮಣ್ಣಿನ ಜೇಡಿಕಣಗಳಿಗೆ ಅಂಟಿ ಉಳಿಯುತ್ತದೆ. ನೀರಿನಲ್ಲಿ ಕರಗುವಂಥದು ಅಂತರ್ಜಲಕ್ಕೆ ಇಳಿಯುತ್ತದೆ, ಇಲ್ಲವೇ ಮಳೆಯೊಡನೆ ಹಳ್ಳ ಹಿಡಿದು ಕೃಷ್ಣೆಯತ್ತ ಹರಿಯುತ್ತದೆ. ಮತ್ತೊಂದಂಶ ಗಾಳಿಯಲ್ಲಿ ತೇಲಿ ನೆರೆಹೊಲವನ್ನು ಸೇರುತ್ತದೆ. ವಿಷ ಬದುವಿನಾಚೆ ಸಾಗುವುದಕ್ಕೆ ಕಾಸರಗೋಡೇ ಸಾಕ್ಷಿ: ಅಲ್ಲಿನ ಗೇರುತೋಟಗಳ ಮೇಲೆ 2000ದವರೆಗೂ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿಯಲಾಯಿತು, ಸುತ್ತಲಿನ ಹಳ್ಳಿಗಳು ಇಂದಿಗೂ ನರಳುತ್ತಿವೆ. 2011ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ನಿಷೇಧಿಸಿತು.

ಕೃಷಿಯಲ್ಲಾಗುವುದು ಉದ್ಯೋಗೀ ಹಿಂಸೆ. ಗೃಹಸ್ಥ ಶ್ರಾವಕನಿಗೆ ಅದು ಪೂರ್ಣವಾಗಿ ತಪ್ಪದು. ಆದರೆ ಅಗತ್ಯ ಮೀರಿದ್ದು ಅನರ್ಥದಂಡ. ಕೀಟ ಕಾಣುವ ಮೊದಲೇ ಸಿಂಪಡಿಸುವುದು, ಹೇಳಿದ ಪ್ರಮಾಣಕ್ಕಿಂತ ಹೆಚ್ಚು ಬೆರೆಸುವುದು, ಖಾಲಿ ಡಬ್ಬಿಯನ್ನು ಕಾಲುವೆಯಲ್ಲಿ ತೊಳೆಯುವುದು ಈ ಸಾಲಿಗೇ ಸೇರುತ್ತವೆ.

ಮಳೆಗಾಲದಲ್ಲಿ ಹುಟ್ಟುವ ಸೂಕ್ಷ್ಮಜೀವಿಗಳ ಮೇಲಿನ ಕರುಣೆಯಿಂದ ಮುನಿಗಳು ಚಾತುರ್ಮಾಸದಲ್ಲಿ ವಿಹಾರ ನಿಲ್ಲಿಸುತ್ತಾರೆ. ವಿಷವು ಹೊಲದಿಂದ ಹೊಳೆಗೆ ಹರಿಯುವುದೂ ಅದೇ ಕಾಲದಲ್ಲಿ. ಮೋಡ ಕವಿದ ದಿನ ಸಿಂಪಡಿಸುವ ಪಂಪನ್ನು ಕೆಳಗಿಡುವುದು ಕೃಷಿಕ ಶ್ರಾವಕನ ಅಹಿಂಸಾಣುವ್ರತವೇ ಆಗಿದೆ.